ಗುಂಡಲ್ಲದ ಗುಂಡು

ಗುರಿಪಂದ್ಯ ಮುಗಿದಿದೆ. ಹಲಗೆಯಿಂದ ಬಿಚ್ಚಿ ತಂದ ಕಾಗದದ ಗುರಿಯನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರು ತೀರ್ಪುಗಾರರು ಅದರ ಮೇಲೆ ಬಾಗಿದ್ದಾರೆ. ಒಬ್ಬರ ಕೈಯಲ್ಲಿ ಭೂತಗನ್ನಡಿ. ಅವರ ಹಿಂದೆ ನಿಂತ ಸ್ಪರ್ಧಿ ಉಸಿರು ಬಿಗಿಹಿಡಿದಿದ್ದಾನೆ. ಪ್ರಶ್ನೆ ಇಷ್ಟೇ: ಗುಂಡು ಕೊರೆದ ತೂತು ಹತ್ತನೆಯ ಅಂಕದ ವೃತ್ತದ ಗೆರೆಯನ್ನು ಮುಟ್ಟಿದೆಯೋ ಇಲ್ಲವೋ? ಮುಟ್ಟಿದ್ದರೆ ಹತ್ತು ಅಂಕ. ಕೂದಲೆಳೆಯಷ್ಟು ಆಚೆ ಉಳಿದಿದ್ದರೆ ಒಂಬತ್ತು. ವರ್ಷಗಟ್ಟಲೆ ನಡೆಸಿದ ಸಾಧನೆಯ ಫಲ ಒಂದು ತೂತಿನ ಅಂಚಿನಲ್ಲಿ ನಿಂತಿದೆ. ಆದರೆ ಆ ಅಂಚೇ ಸ್ಪಷ್ಟವಾಗಿಲ್ಲ! ಕಾಗದ ನಕ್ಷತ್ರದಂತೆ ಸೀಳಿಹೋಗಿದೆ. ಅದರ ಎಳೆಗಳು ಹಿಂದಕ್ಕೆ ಮಡಿಚಿಕೊಂಡು ತೂತನ್ನು ಅರೆಬರೆ ಮುಚ್ಚಿವೆ.

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿಯುಂಟು. ಅಲ್ಲಿ ಈ ತಕರಾರಿಗೆ ಎಡೆಯಿಲ್ಲ. ಕಾಯಿ ಒಡೆಯಿತೋ, ಗೆದ್ದಂತೆ; ಇಲ್ಲವೋ, ಸೋತಂತೆ. ಕಾಗದದ ಗುರಿ ಹಾಗಲ್ಲ. ಅದು ಲೆಕ್ಕ ಕೇಳುತ್ತದೆ, ಸಾಕ್ಷ್ಯ ಕೇಳುತ್ತದೆ. ಈ ಸಾಕ್ಷ್ಯ ಸುಳ್ಳಾಗಬಾರದೆಂಬ ಕಾರಣದಿಂದಲೇ ಹುಟ್ಟಿದುದು ‘ವ್ಯಾಡ್‌ಕಟರ್’ ಎಂಬ ವಿಚಿತ್ರ ಗುಂಡು. ಕನ್ನಡದಲ್ಲಿ ಬಂದೂಕಿನಿಂದ ಹಾರುವುದನ್ನು ‘ಗುಂಡು’ ಎನ್ನುತ್ತೇವೆ; ಉರುಟಾದುದನ್ನೂ ‘ಗುಂಡು’ ಎನ್ನುತ್ತೇವೆ. ಆದರೆ ಈ ಗುಂಡಿನ ಮೂತಿ ಗುಂಡಾಗಿಲ್ಲ, ಮೊನೆಯೂ ಇಲ್ಲ. ಸೀಮೆಸುಣ್ಣದ ತುಂಡನ್ನು ನೇರವಾಗಿ ಕತ್ತರಿಸಿಟ್ಟಂತೆ ಅದರ ಮುಖ ಚಪ್ಪಟೆ. ಗುಂಡಲ್ಲದ ಈ ಗುಂಡೇ ಕಾಗದದಲ್ಲಿ ಅಚ್ಚುಕಟ್ಟಾದ ಗುಂಡು ತೂತನ್ನು ಕೊರೆಯುತ್ತದೆಂಬುದು ಒಂದು ಸೋಜಿಗ.

ಹೆಸರಿನ ಹುಟ್ಟು

ತೋಟಾಗಳು ಬರುವುದಕ್ಕೆ ಮುಂಚೆ ಕೋವಿಯ ನಳಿಗೆಯೊಳಕ್ಕೆ ಮೊದಲು ಮದ್ದನ್ನು ಸುರಿದು, ಅದರ ಮೇಲೆ ರಟ್ಟಿನ ಅಥವಾ ಬಟ್ಟೆಯ ಬಿಲ್ಲೆಯೊಂದನ್ನು ಗಿಡಿದು, ಆ ಮೇಲೆ ಸೀಸವನ್ನು ತುಂಬುತ್ತಿದ್ದರು. ಆ ಬಿಲ್ಲೆಗೆ ಇಂಗ್ಲಿಷಿನಲ್ಲಿ ‘ವ್ಯಾಡ್’ ಎಂದು ಹೆಸರು. ರಟ್ಟಿನ ಹಾಳೆಯ ಮೇಲೆ ಹರಿತವಾದ ಅಂಚಿನ ಉಕ್ಕಿನ ಕೊಳವೆಯನ್ನಿಟ್ಟು ಸುತ್ತಿಗೆಯಿಂದ ಬಡಿದರೆ ದುಂಡನೆಯ ಬಿಲ್ಲೆ ಕತ್ತರಿಸಿ ಬರುತ್ತಿತ್ತು. ಚಪ್ಪಟೆ ಮುಖದ ಗುಂಡು ಗುರಿಯ ಕಾಗದದ ಮೇಲೆ ಮಾಡುವುದೂ ಇದೇ ಕೆಲಸ. ಆದುದರಿಂದ ‘ಬಿಲ್ಲೆ ಕತ್ತರಿಸುವುದು’ ಎಂಬ ಅರ್ಥದ ಆ ಹೆಸರು ಅದಕ್ಕೆ ಅಂಟಿಕೊಂಡಿತು. ದುಂಡು ಮೂತಿಯ ಗುಂಡು ಕಾಗದವನ್ನು ತಳ್ಳಿ, ಹಿಗ್ಗಿಸಿ, ಸೀಳಿ ಹೊರಬೀಳುತ್ತದೆ. ಅದು ಹೋದ ಮೇಲೆ ಕಾಗದದ ಎಳೆಗಳು ಮರಳಿ ಕೂಡುವುದರಿಂದ ತೂತು ಗುಂಡಿಗಿಂತಲೂ ಕಿರಿದಾಗಿ ಕಾಣುತ್ತದೆ. ಚಪ್ಪಟೆ ಗುಂಡಾದರೋ ತನ್ನ ಪೂರ್ಣ ಗಾತ್ರದ ತೂತನ್ನು ಕತ್ತರಿಸಿಟ್ಟು ಹೋಗುತ್ತದೆ. ಗೆರೆ ಮುಟ್ಟಿದ ಗುಂಡು, ಮುಟ್ಟಿದೆನೆಂದು ತಾನೇ ಹೇಳುತ್ತದೆ.

ರಿವಾಲ್ವರಿನ ಚರಿತ್ರೆಯಲ್ಲಿ ಈ ಬಗೆಯ ಗುಂಡಿಗೆ ಮನೆಯಾದ ತೋಟಾಗಳು ಮುಖ್ಯವಾಗಿ ಎರಡು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1896ರಲ್ಲಿ ಹೊರತಂದ .32 ಲಾಂಗ್ ಮೊದಲನೆಯದು. ಅದೇ ಕಂಪನಿ 1890ರ ದಶಕದ ಕೊನೆಯಲ್ಲಿ ಹೊರತಂದ .38 ಸ್ಪೆಷಲ್ ಎರಡನೆಯದು. ಹೆಸರಿನಲ್ಲಿ .38 ಎಂದಿದ್ದರೂ ಎರಡನೆಯದರ ಗುಂಡಿನ ನಿಜವಾದ ವ್ಯಾಸ ಸುಮಾರು .357 ಅಂಗುಲ. ಗುರಿಪಂದ್ಯಕ್ಕಾಗಿ ಅದರಲ್ಲಿ ಕೂರಿಸುವ ಚಪ್ಪಟೆ ಗುಂಡಿನ ರೂಢಿಯ ತೂಕ 148 ಗ್ರೇನ್, ಎಂದರೆ ಸುಮಾರು 9.6 ಗ್ರಾಂ. ನಮ್ಮ ಅಕ್ಕಸಾಲಿಗರ ಹಳೆಯ ತೊಲಕ್ಕೆ 180 ಗ್ರೇನ್. ಆದುದರಿಂದ ಗುಂಡು ಒಂದು ತೊಲಕ್ಕಿಂತ ಸ್ವಲ್ಪ ಹಗುರ. .32ರ ಚಪ್ಪಟೆ ಗುಂಡು ಇನ್ನೂ ಹಗುರ, ಸುಮಾರು 98 ಗ್ರೇನ್.

ಮೆಲ್ಲನೆಯ ಓಟದ ಗುಟ್ಟು

ಪಂದ್ಯದ ತೋಟಾದಲ್ಲಿ ಮದ್ದಿನ ಪ್ರಮಾಣ ಬಹಳ ಕಡಿಮೆ. .38ರ ಚಪ್ಪಟೆ ಗುಂಡು ಸೆಕೆಂಡಿಗೆ ಸುಮಾರು 210ರಿಂದ 230 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಶಬ್ದದ ವೇಗದ ಮೂರನೆಯ ಎರಡು ಪಾಲು ಮಾತ್ರ. ಇಷ್ಟು ಮಂದಗತಿ ಏತಕ್ಕೆಂದು ವಾಚಕರು ಕೇಳಬಹುದು. ಕಾಗದವನ್ನು ಕೊಲ್ಲಬೇಕಾಗಿಲ್ಲವಷ್ಟೆ! ಕೈಗೆ ತಗಲುವ ಒದೆತ ಕಡಿಮೆಯಾದಷ್ಟೂ ಗುರಿಕಾರನ ಮಣಿಕಟ್ಟು ದಣಿಯುವುದು ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಒದೆತಕ್ಕೆ ಅಂಜಿ ಕುದುರೆ ಎಳೆಯುವ ಮುಂಚೆಯೇ ಕೈ ಅದುರುವ ಕೆಟ್ಟ ಅಭ್ಯಾಸ ಹತ್ತಿರ ಸುಳಿಯದು.

ಈ ಗುಂಡುಗಳಲ್ಲಿ ಹೆಸರುವಾಸಿಯಾದ ಬಗೆಯ ಹಿಂಭಾಗ ಟೊಳ್ಳು. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡಕ್ಕೆ ಆ ಟೊಳ್ಳಿನ ಸುತ್ತಲಿನ ಮೆತು ಸೀಸದ ಲಂಗ ಅರಳಿ, ನಳಿಗೆಯ ಒಳಗೋಡೆಯ ಸುರುಳಿ ಗೀರುಗಳಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ನಳಿಗೆ ಒಂದಿಷ್ಟು ಸಡಿಲವಾಗಿದ್ದರೂ ಅನಿಲ ಸೋರುವುದಿಲ್ಲ. ಹಿಂದು ಹಗುರ, ಮುಂದು ಭಾರ. ಶಟಲ್ ಕಾಕಿನ ಹಾಗೆ. ಗಾಳಿಯಲ್ಲಿ ಅದು ಸ್ಥಿರವಾಗಿ ಸಾಗುವುದಕ್ಕೆ ಇದೂ ನೆರವು. ಹಿಂಭಾಗ ಟೊಳ್ಳಲ್ಲದೆ ಎರಡು ತುದಿಯೂ ಒಂದೇ ಸಮನಾಗಿರುವ ಗುಂಡುಗಳೂ, ಹಿಂದಿನ ಅಂಚನ್ನು ಓರೆಯಾಗಿ ಕೆತ್ತಿದ ಗುಂಡುಗಳೂ ಉಂಟು. ಆದರೆ ಇವೆಲ್ಲ ಅಲ್ಪದೂರದ ಓಟಗಾರರು. 25 ಮೀಟರಿಗೆ ಅತ್ಯುತ್ತಮ, 50 ಗಜಕ್ಕೆ ತಕ್ಕಮಟ್ಟಿಗೆ ಸರಿ. ಅದರಾಚೆ ಚಪ್ಪಟೆ ಮುಖ ಗಾಳಿಗೆ ಸಿಕ್ಕಿ ಗುಂಡು ತೂರಾಡತೊಡಗುತ್ತದೆ.

ತೋಟಾಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬುವ ರಿವಾಲ್ವರಿಗೆ ಗುಂಡಿನ ಮೂತಿ ಹೇಗಿದ್ದರೂ ಸರಿ. ತಾನೇ ತೋಟಾ ಎಳೆದುಕೊಳ್ಳುವ ಪಿಸ್ತೂಲಿಗಾದರೆ ಈ ಮೊಂಡು ಮೂತಿ ದೊಡ್ಡ ತೊಡಕು. ಆದರೂ 1961ರಲ್ಲಿ ಸ್ಮಿತ್ ಅಂಡ್ ವೆಸನ್ನಿನವರು ‘ಮಾಡೆಲ್ 52’ ಎಂಬ ಪಿಸ್ತೂಲನ್ನು .38ರ ಚಪ್ಪಟೆ ಗುಂಡಿಗೆಂದೇ ನಿರ್ಮಿಸಿದರು. ಐದೇ ತೋಟಾ ಹಿಡಿಯುವ ಅದಕ್ಕೆ ಬೇರೆ ಆಹಾರವೇ ಒಗ್ಗದು. ಯೂರೋಪಿನ ಪಂದ್ಯದ ಪಿಸ್ತೂಲುಗಳು .32ರ ಚಪ್ಪಟೆ ಗುಂಡನ್ನು ನೆಚ್ಚಿಕೊಂಡವು, ಇಂದಿಗೂ ನೆಚ್ಚಿಕೊಂಡಿವೆ.

ಖಾಲಿಯೆಂಬ ಭ್ರಮೆ

ಕೋವಿಯನ್ನು ಎಂದೂ ಮುಟ್ಟದವರು ಕೂಡ ಇಲ್ಲಿಂದ ಮುಂದಿನ ಮಾತನ್ನು ಗಮನವಿಟ್ಟು ಓದಬೇಕು. ಸಾಮಾನ್ಯ ತೋಟಾದಲ್ಲಿ ಗುಂಡಿನ ಮೂತಿ ಹಿತ್ತಾಳೆಯ ಕೋಶದಿಂದ ಹೊರಗೆ ಚಾಚಿರುತ್ತದೆ. ಸಣ್ಣ ಮಗುವಿಗೂ ಅದು ತೋಟಾ ಎಂದು ತಿಳಿಯುತ್ತದೆ. ವ್ಯಾಡ್‌ಕಟರ್ ತೋಟಾದಲ್ಲಿ ಗುಂಡು ಕೋಶದ ಬಾಯಿಗೆ ಸಮನಾಗಿ ಒಳಗೇ ಅಡಗಿ ಕುಳಿತಿರುತ್ತದೆ. ಮಬ್ಬು ಬೆಳಕಿನಲ್ಲಿ, ಅವಸರದಲ್ಲಿ ನೋಡಿದವರಿಗೆ ಅದು ಹಾರಿಸಿ ಉಳಿದ ಬರಿಯ ಕೋಶದಂತೆಯೇ ಕಾಣುತ್ತದೆ; ಇಲ್ಲವೆ ನಾಟಕದಲ್ಲಿ ಸದ್ದಿಗಾಗಿ ಬಳಸುವ ಹುಸಿ ತೋಟಾದಂತೆ ತೋರುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಅದರ ಭಾರ ನಿಜವನ್ನು ಹೇಳೀತು. ತಳದ ಕೇಪಿನ ಮೇಲೆ ಬಡಿತದ ಗುರುತಿದೆ, ಆದುದರಿಂದ ಇದು ಹಾರಿದ ತೋಟಾ ಎಂದು ನಂಬುವುದೂ ಅಪಾಯ. ಬಡಿದರೂ ಹೊತ್ತದೆ ಉಳಿದ ತೋಟಾದ ಮೇಲೂ ಅದೇ ಗುರುತಿರುತ್ತದೆ.

ನಿವೃತ್ತ ಅಧಿಕಾರಿಗಳ, ಹಿಂದಿನ ಕಾಲದ ಜಮೀನುದಾರರ ಮನೆಗಳಲ್ಲಿ ಯಜಮಾನರು ತೀರಿಕೊಂಡ ಮೇಲೆ ಬೀರುವಿನ ಮೂಲೆಯಿಂದ ಹಳೆಯ ರಟ್ಟಿನ ಪೆಟ್ಟಿಗೆಯೊಂದು ಹೊರಬರುವುದುಂಟು. ‘ಇವೆಲ್ಲ ಖಾಲಿ’ ಎಂದುಕೊಂಡು ಅದನ್ನು ಮಕ್ಕಳ ಆಟಕ್ಕೋ ಗುಜರಿಯವನ ತಕ್ಕಡಿಗೋ ಕೊಡುವ ಮುನ್ನ ಈ ಗುಂಡಲ್ಲದ ಗುಂಡನ್ನು ನೆನೆಯಬೇಕು. ಒಲೆಗೆ, ಕಸಕ್ಕೆ, ಬಾವಿಗೆ ಎಸೆಯಕೂಡದು. ಪರವಾನಗಿದಾರರು ತೀರಿಕೊಂಡೊಡನೆ ಆಯುಧವೂ ತೋಟಾಗಳೂ ಮನೆಯವರ ಸ್ವಂತ ಸೊತ್ತಾಗಿ ಉಳಿಯವು. 1959ರ ಆಯುಧ ಅಧಿನಿಯಮದ ಪ್ರಕಾರ ಅವನ್ನು ಅನಾವಶ್ಯಕ ವಿಳಂಬವಿಲ್ಲದೆ ಹತ್ತಿರದ ಪೋಲೀಸ್ ಠಾಣೆಯಲ್ಲಿ ಅಥವಾ ನಿಯಮಾನುಸಾರ ಪರವಾನಗಿ ಪಡೆದ ವರ್ತಕರಲ್ಲಿ ಒಪ್ಪಿಸಬೇಕು. ರಸೀತಿ ಪಡೆದು ಜೋಪಾನವಾಗಿಡಬೇಕು. ಉತ್ತರಾಧಿಕಾರಿಗಳು ಪರವಾನಗಿಗೆ ಅರ್ಜಿ ಹಾಕುವುದು ಆಮೇಲಿನ ಮಾತು.

ಹಳೆಯ ತೋಟಾದ ಪರೀಕ್ಷೆ

ಪರವಾನಗಿಯುಳ್ಳ ಗುರಿಕಾರರ ಕೈಗೂ ಹಳೆಯ ತೋಟಾಗಳು ಬರುತ್ತವೆ. ಅವೆಲ್ಲ ಕೆಟ್ಟಿರಬೇಕೆಂದಿಲ್ಲ, ತಣ್ಣಗೆ, ಒಣಗಿದ ಜಾಗದಲ್ಲಿ ಇಟ್ಟ ತೋಟಾ ಹಲವು ದಶಕ ಬಾಳುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಹೆಸರು ಒಳಗಿನ ವಸ್ತುವಿಗೆ ಪ್ರಮಾಣವಲ್ಲ. ಒಂದೊಂದನ್ನೂ ಹೊರತೆಗೆದು ನೋಡಬೇಕು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹಬ್ಬಿದ್ದರೆ, ಕೋಶದ ಕತ್ತಿನಲ್ಲಿ ಬಿರುಕು ಕಂಡರೆ, ಸೀಸದ ಮುಖದ ಮೇಲೆ ಬಿಳಿಯ ಹುಡಿ ಎದ್ದಿದ್ದರೆ ಅದನ್ನು ಬದಿಗಿಡಬೇಕು. ಯಾರೋ ಮನೆಯಲ್ಲಿ ಮರುತುಂಬಿಸಿದ ತೋಟಾ ಎಂಬ ಸಂಶಯ ಬಂದರಂತೂ ಅದನ್ನು ಹಾರಿಸುವ ಯೋಚನೆಯನ್ನೇ ಬಿಡಬೇಕು. ಈ ಸಂಶಯಕ್ಕೆ ಕಾರಣವಿದೆ. ಪಂದ್ಯದ ಮದ್ದು ಕೋಶದ ತಳದಲ್ಲಿ ಚಿಟಿಕೆಯಷ್ಟೇ ಇರುತ್ತದೆ. ಅಚಾತುರ್ಯದಿಂದ ಎರಡು ಪಾಲು ಬಿದ್ದರೂ ಕೋಶ ಉಕ್ಕಿ ಹರಿಯುವುದಿಲ್ಲ. ಗುಂಡನ್ನು ಒಳಕ್ಕೊತ್ತಿ ಮುಚ್ಚಿದ ಮೇಲೆ ಯಾರ ಕಣ್ಣಿಗೂ ಆ ತಪ್ಪು ಕಾಣದು. ಕಾಣುವುದು ರಿವಾಲ್ವರಿನ ಉರುಳೆ ಸಿಡಿದಾಗ!

ಎರಡನೆಯ ಮಹಾಯುದ್ಧದ ಕಾಲದವರೆಗಿನ ಎಷ್ಟೋ ತೋಟಾಗಳ ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಬಳಿಕ ನಳಿಗೆಯಲ್ಲಿ ಉಪ್ಪಿನಂಥ ಪದಾರ್ಥ ಉಳಿದು, ಗಾಳಿಯ ತೇವವನ್ನು ಹೀರಿ, ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಣ್ಣೆಯಿಂದ ಅದು ಹೋಗದು. ಉಪ್ಪು ನೀರಿಗೆ ಮಾತ್ರ ಕರಗುತ್ತದೆ. ಅಂಥ ತೋಟಾ ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಆ ಮೇಲೆ ಎಣ್ಣೆ ಸವರುವುದು ಹಿಂದಿನವರ ಕ್ರಮ.

ಅಳತೆಯ ಹೆಸರುಗಳೂ ಮೋಸಗೊಳಿಸುತ್ತವೆ. ಬ್ರಿಟಿಷ್ ಕಾಲದ ವೆಬ್ಲಿ ರಿವಾಲ್ವರಿನ .38 ಬೇರೆ, .38 ಸ್ಪೆಷಲ್ ಬೇರೆ. ಮೊದಲನೆಯದರ ಕೋಶ ಗಿಡ್ಡ, ದಪ್ಪ. .32 ಎಂಬ ಒಂದೇ ಹೆಸರಿನಲ್ಲಿ ಪಿಸ್ತೂಲಿನ ತೋಟಾವೂ ಇದೆ, ರಿವಾಲ್ವರಿನ ತೋಟಾವೂ ಇದೆ. ಒಂದರ ಕೋಶ ಸುಮಾರು 17 ಮಿಲಿಮೀಟರ್ ಉದ್ದ, ಇನ್ನೊಂದರದು 23. ನಳಿಗೆಯ ಮೇಲೆ ಕೆತ್ತಿದ ಪೂರ್ಣ ಹೆಸರೂ ತೋಟಾದ ತಳದ ಮುದ್ರೆಯೂ ಹೊಂದದ ಹೊರತು ತುಂಬಬಾರದು.

ಸದ್ದು ಕುಗ್ಗಿದರೆ ನಿಲ್ಲಿಸಿರಿ

ಗುರಿಮನೆಯಲ್ಲಿ ಕಲಿಯಬೇಕಾದ ಅತಿ ದೊಡ್ಡ ಪಾಠ ಕಿವಿಗೆ ಸಂಬಂಧಿಸಿದುದು. ಪಂದ್ಯದ ತೋಟಾದ ಶಕ್ತಿ ಮೊದಲೇ ಕಡಿಮೆ. ಅದರಲ್ಲಿ ಮದ್ದು ಇಲ್ಲವಾದರೆ ಅಥವಾ ತೇವಗೊಂಡಿದ್ದರೆ, ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಕ್ಕೆ ನುಗ್ಗಿ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೇಳುವುದು ‘ಢಂ’ ಎಂಬ ಸದ್ದಲ್ಲ, ‘ಠಪ್’ ಎಂಬ ಸಣ್ಣ ಸದ್ದು. ಉತ್ಸಾಹದಲ್ಲಿರುವ ಗುರಿಕಾರ ಮತ್ತೆ ಕುದುರೆ ಎಳೆದನೋ, ಹಿಂದಿನಿಂದ ಬಂದ ಗುಂಡು ಮುಂದಿನದಕ್ಕೆ ಬಡಿದು ನಳಿಗೆ ಉಬ್ಬುತ್ತದೆ, ಇಲ್ಲವೆ ಒಡೆಯುತ್ತದೆ. ಸದ್ದಿನಲ್ಲಾಗಲಿ ಒದೆತದಲ್ಲಾಗಲಿ ಎಳ್ಳಷ್ಟು ವ್ಯತ್ಯಾಸ ಕಂಡರೂ ನಿಲ್ಲಿಸಬೇಕು. ಉರುಳೆಯನ್ನು ಬಿಚ್ಚಿ ಎಲ್ಲ ತೋಟಾಗಳನ್ನು ಹೊರತೆಗೆದು ನಳಿಗೆ ತೆರವಾಗಿದೆಯೇ ಎಂದು ನೋಡಬೇಕು. ಕುದುರೆ ಎಳೆದರೂ ಏನೂ ಆಗದಿದ್ದಲ್ಲಿ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ತಡವಾಗಿ ಹೊತ್ತುವ ತೋಟಾಗಳೂ ಉಂಟು.

ಟೊಳ್ಳು ಹಿಂಭಾಗದ ಗುಂಡಿಗೆ ಇನ್ನೊಂದು ನಿಯಮ. ಅದು ಮಂದಗತಿಗೆಂದೇ ಹುಟ್ಟಿದುದು. ಹೆಚ್ಚು ಮದ್ದು ಹಾಕಿ ಓಡಿಸಿದರೆ ಗುಂಡಿನ ತಲೆ ಹಾರಿಹೋಗಿ ಮೆತು ಸೀಸದ ಲಂಗ ನಳಿಗೆಯಲ್ಲೇ ಉಳಿದೀತು. ಮುಂದಿನ ಗುಂಡಿಗೆ ಅದೇ ಅಡ್ಡಗೋಡೆ. 1935ರಲ್ಲಿ ಬಂದ .357 ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ತೋಟಾವನ್ನು ಹಾರಿಸಬಹುದು. ಮ್ಯಾಗ್ನಮ್ ತೋಟಾದ ಕೋಶ ಹೆಚ್ಚು ಉದ್ದವಾದುದರಿಂದ.38ರ ಉರುಳೆಯಲ್ಲಿ ಅದು ಕೂರದು. ಆದರೆ ಮ್ಯಾಗ್ನಮ್ ವೇಗವನ್ನು ಈ ಮೆತು ಗುಂಡಿನಿಂದ ಬಯಸುವುದು, ಎತ್ತಿನ ಗಾಡಿಯ ಚಕ್ರವನ್ನು ಮೋಟಾರಿಗೆ ಕಟ್ಟಿದಂತೆ.

ಹೊಸದರ ಆಯ್ಕೆ

ಇಂದಿನ ವ್ಯಾಡ್‌ಕಟರ್ ತೋಟಾಗಳಲ್ಲಿ ಫಿನ್ಲೆಂಡಿನ ಲಪುವಾ, ಇಟಲಿಯ ಫಿಯೋಕಿ, ಅಮೆರಿಕದ ಫೆಡರಲ್ ಮೊದಲಾದವು ಹೆಸರಾಂತವು. ಕೆಲವು ಗುಂಡುಗಳು ಬರಿಯ ಮೆತು ಸೀಸ. ಕೆಲವಕ್ಕೆ ತಾಮ್ರದ ತೆಳು ಲೇಪ. ಇನ್ನು ಕೆಲವಕ್ಕೆ ಬಣ್ಣದ ಪ್ಲಾಸ್ಟಿಕ್ ಬಗೆಯ ಲೇಪ. ಲೇಪದ ಗುಂಡು ನಳಿಗೆಯಲ್ಲಿ ಸೀಸವನ್ನು ಬಿಡುವುದು ಕಡಿಮೆ, ಹೊಗೆಯೂ ಕಡಿಮೆ. ಆದರೆ ಯಾವುದು ಉತ್ತಮವೆಂದು ಅಂಗಡಿಯವನಾಗಲಿ ಜಾಹೀರಾತಾಗಲಿ ಹೇಳಲಾರರು. ಹೇಳಬೇಕಾದುದು ಗುರಿಕಾರನ ಸ್ವಂತ ರಿವಾಲ್ವರೇ. ಒಂದೇ ಕಾರ್ಖಾನೆಯಿಂದ ಬಂದ ಎರಡು ರಿವಾಲ್ವರುಗಳ ರುಚಿ ಬೇರೆಯಾಗಿರುವುದುಂಟು.

ಆದುದರಿಂದ ಎರಡು ಮೂರು ಬಗೆಯ ತೋಟಾಗಳನ್ನು ಸ್ವಲ್ಪ ಸ್ವಲ್ಪವಾಗಿ ತಂದು, ಮರಳಿನ ಚೀಲದ ಮೇಲೆ ಕೈಯೂರಿ, 25 ಮೀಟರಿನಿಂದ ಪ್ರತಿಯೊಂದರಲ್ಲೂ ಹತ್ತು ಗುಂಡು ಹಾರಿಸಿ ನೋಡಬೇಕು. ಹತ್ತೂ ತೂತುಗಳು ಎಲ್ಲಿ ಬಿದ್ದವೆಂಬುದು ಮುಖ್ಯವಲ್ಲ. ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವೆಂಬುದು ಮುಖ್ಯ. ಗುರಿಕಣ್ಣನ್ನು ತಿರುಗಿಸಿ ಗುಂಪನ್ನು ನಡುವಿಗೆ ತರಬಹುದು, ಚದುರಿದ ಗುಂಪನ್ನು ಕೂಡಿಸಲಾಗದು. ಒಪ್ಪಿದ ಬಗೆ ಸಿಕ್ಕಿದ ಮೇಲೆ ಪೆಟ್ಟಿಗೆಯ ಮೇಲಿನ ತಯಾರಿಕೆಯ ಸಂಖ್ಯೆಯನ್ನು ಗುರುತಿಟ್ಟುಕೊಂಡು, ಪರವಾನಗಿಯ ಮಿತಿಯೊಳಗೆ ಅದೇ ಸಂಖ್ಯೆಯವನ್ನು ಕೊಳ್ಳುವುದು ಜಾಣತನ. ತೋಟಾಗಳಿಗೆ ಎಣ್ಣೆ ಹಚ್ಚಬಾರದು. ಎಣ್ಣೆ ಕೇಪಿನೊಳಕ್ಕೆ ಇಳಿದರೆ ಅದು ಸತ್ತಂತೆಯೇ.

ನಮ್ಮ ದೇಶದ ಮಾತು

ಭಾರತದಲ್ಲಿ .38 ಅಳತೆ ಸಾಮಾನ್ಯ ನಾಗರಿಕರ ಪರವಾನಗಿಗೆ ಸಿಗುವಂಥದಲ್ಲ; .32 ಸಿಗುತ್ತದೆ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರೂ, ಪುಣೆಯ ಖಡ್ಕಿ ಕಾರ್ಖಾನೆಯ ‘ಕೆಎಫ್’ ಮುದ್ರೆಯ ತೋಟಾವೂ ಎಲ್ಲ ಪರವಾನಗಿದಾರರಿಗೆ ಪರಿಚಿತ. ಆದರೆ ಆ ರೂಢಿಯ ತೋಟಾದ ಗುಂಡು ದುಂಡು ಮೂತಿಯದು. ಪಂದ್ಯಕ್ಕೆ ಬೇಕಾದ ಚಪ್ಪಟೆ ಗುಂಡಿಗಾಗಿ ನಮ್ಮ ಗುರಿಕಾರರು ಹೊರದೇಶಗಳ ಸರಕನ್ನು ನಿಯಮಾನುಸಾರ ತರಿಸಿಕೊಳ್ಳುತ್ತ ಬಂದಿದ್ದಾರೆ. 1951ರಲ್ಲಿ ಲೋಕಸಭೆಯ ಪ್ರಥಮ ಸಭಾಧ್ಯಕ್ಷರಾದ ಜಿ. ವಿ. ಮಾವಳಂಕರರ ಮುಂದಾಳುತನದಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆ ಈ ಕ್ರೀಡೆಯ ಆಡಳಿತವನ್ನು ನೋಡಿಕೊಳ್ಳುತ್ತದೆ.

.32ರ ಚಪ್ಪಟೆ ಗುಂಡಿನ ರಾಜ್ಯವೆಂದರೆ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ಪಂದ್ಯ. ಒಟ್ಟು 60 ಗುಂಡು. ಮೊದಲ 30 ನಿಧಾನದವು, ಐದೈದಕ್ಕೆ ಐದು ನಿಮಿಷ. ಅಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್. ಉಳಿದ 30 ಶೀಘ್ರದವು. ಗುರಿ 3 ಸೆಕೆಂಡು ತೋರಿ 7 ಸೆಕೆಂಡು ಮರೆಯಾಗುತ್ತದೆ, ಆ ಮೂರು ಸೆಕೆಂಡಿನೊಳಗೆ ಕೈಯೆತ್ತಿ ಒಂದು ಗುಂಡು. 1994ರ ಹಿರೋಷಿಮಾ ಏಷ್ಯನ್ ಕ್ರೀಡೆಗಳಲ್ಲಿ ಎಳೆಯ ವಯಸ್ಸಿನ ಜಸ್ಪಾಲ್ ರಾಣಾ ಈ ಪಂದ್ಯದ ಚಿನ್ನ ಗೆದ್ದರು. 2006ರ ದೋಹಾದಲ್ಲಿ ಜ್ವರದಿಂದ ಬಳಲುತ್ತಿದ್ದರೂ 600ಕ್ಕೆ 590 ಅಂಕ ಗಳಿಸಿ, ವಿಶ್ವದಾಖಲೆಯನ್ನು ಸರಿಗಟ್ಟಿ ಮತ್ತೆ ಚಿನ್ನ ಪಡೆದರು. ಅರುವತ್ತು ಗುಂಡುಗಳಲ್ಲಿ ಕಳೆದುಕೊಂಡ ಅಂಕ ಬರಿಯ ಹತ್ತು! ಇಂಥ ಲೆಕ್ಕದಲ್ಲಿ ತೂತಿನ ಅಂಚಿಗೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನೊಂದು ಸಂಗತಿ ತಂದೆತಾಯಿಗಳಿಗೆ ರುಚಿಸೀತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಗಾಳಿ ಬಂದೂಕಿನ ಪಂದ್ಯವನ್ನು ಇಂದು ನಗರಗಳ ಎಷ್ಟೋ ಬಾಲಕ ಬಾಲಕಿಯರು ಅಭ್ಯಾಸ ಮಾಡುತ್ತಿದ್ದಾರೆ. ಅವರ ಡಬ್ಬಿಯಲ್ಲಿರುವ 4.5 ಮಿಲಿಮೀಟರಿನ ಪುಟ್ಟ ಸೀಸದ ಗುಂಡುಗಳನ್ನು ಎತ್ತಿ ನೋಡಿರಿ. ಚಪ್ಪಟೆ ಮುಖ, ಸಣ್ಣ ನಡು, ಟೊಳ್ಳು ಲಂಗ! ನಾವು ಇದುವರೆಗೆ ಹೇಳಿದ ಗುಂಡಿನ ಮರಿಯೇ ಅದು.

ಮನೆಗೆ ಬಂದ ಮೇಲೆ

ಮರಿಯಾಗಲಿ ತಾಯಿಯಾಗಲಿ, ಅದು ಸೀಸ. ಸೀಸ ಇಷ್ಟೇ ಸೇರಿದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಮಕ್ಕಳ ಬುದ್ಧಿಬೆಳವಣಿಗೆಗೂ ಗರ್ಭಿಣಿಯರಿಗೂ ಅದರಿಂದ ವಿಶೇಷ ಹಾನಿ. ಗುರಿಮನೆಯಲ್ಲಿ ತಿನ್ನಬಾರದು, ಕುಡಿಯಬಾರದು. ಹೊರಡುವ ಮುನ್ನ ಸಾಬೂನಿನಿಂದ ಕೈ, ಮುಖ ತೊಳೆಯಬೇಕು. ತೊಟ್ಟ ಬಟ್ಟೆಯನ್ನು ಮಿಕ್ಕ ಬಟ್ಟೆಗಳೊಡನೆ ಒಗೆಯಬಾರದು. ಮಗನೋ ಮಗಳೋ ಅಭ್ಯಾಸದಿಂದ ಬಂದೊಡನೆ ತಟ್ಟೆಯ ಮುಂದೆ ಕುಳಿತರೆ, ‘ಮೊದಲು ಕೈ ತೊಳೆದು ಬಾ’ ಎಂಬ ಅಮ್ಮನ ಹಳೆಯ ಮಾತಿಗೆ ಈಗ ವಿಜ್ಞಾನದ ಬೆಂಬಲವೂ ಇದೆ. ಆಯುಧ ಒಂದು ಬೀಗದಲ್ಲಿ, ತೋಟಾ ಮತ್ತೊಂದು ಬೀಗದಲ್ಲಿ. ಬೀಗದ ಕೈ ಮಕ್ಕಳಿಗೆ ತಿಳಿಯದ ಜಾಗದಲ್ಲಿ.

ಈಚೆಗೆ ದೊಡ್ಡ ಪಂದ್ಯಗಳಲ್ಲಿ ವಿದ್ಯುನ್ಮಾನದ ಗುರಿಗಳು ಬಂದಿವೆ. ಗುಂಡು ಎಲ್ಲಿ ತಗುಲಿತೆಂಬುದನ್ನು ಯಂತ್ರವೇ ಗುರುತಿಸಿ ಪರದೆಯ ಮೇಲೆ ಅಂಕ ತೋರಿಸುತ್ತದೆ. ಭೂತಗನ್ನಡಿಯ ತೀರ್ಪುಗಾರರಿಗೆ ಅಲ್ಲಿ ಅಷ್ಟು ಕೆಲಸವಿಲ್ಲ. ಹಾಗಿದ್ದೂ ಚಪ್ಪಟೆ ಗುಂಡು ಮರೆಯಾಗಿಲ್ಲ. ಅದರ ಸೌಮ್ಯ ಒದೆತಕ್ಕೂ ನಂಬಿಕೆಗೆ ತಪ್ಪದ ನಡೆಗೂ ಗುರಿಕಾರರು ಮಾರುಹೋಗಿದ್ದಾರೆ. ಊರ ಗುರಿಮನೆಗಳಲ್ಲಿ ಇನ್ನೂ ಕಾಗದವೇ ಗುರಿ. ಅಲ್ಲಿ ಸಂಜೆ ಅಭ್ಯಾಸ ಮುಗಿದ ಮೇಲೆ ಗುರಿಕಾರ ತನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಪ್ರತಿಯೊಂದು ತೂತಿನ ಮೂಲಕವೂ ಬೆಳಕು ದುಂಡಗೆ, ಸ್ಪಷ್ಟವಾಗಿ ಹಾಯುತ್ತದೆ. ಹತ್ತಾದರೆ ಹತ್ತು, ಏಳಾದರೆ ಏಳು. ಅಲ್ಲಿ ಯಾರನ್ನೂ ದೂರುವಂತಿಲ್ಲ.